ಬೆಲೆ ಹೇಳದ ಮದ್ದು: ಜನಪದ ವೈದ್ಯದ ಪ್ರತಿಫಲ ಕ್ರಮ ಮತ್ತು ಮುಕ್ತ ಮಾರುಕಟ್ಟೆಯ ಆರೋಗ್ಯ ಸುಧಾರಣೆ

ಪ್ರವೇಶ

ಜನಪದ ವೈದ್ಯವನ್ನು ಕುರಿತ ನಮ್ಮ ಅಧ್ಯಯನಗಳು ಬಹುಮಟ್ಟಿಗೆ ಎರಡು ದಾರಿಗಳಲ್ಲಿ ಸಾಗಿವೆ. ಒಂದು, ಮದ್ದುಗಳ ಸಂಗ್ರಹ: ಯಾವ ರೋಗಕ್ಕೆ ಯಾವ ಬೇರು, ಯಾವ ತೊಗಟೆ, ಯಾವ ಪಥ್ಯ ಎಂಬುದರ ದಾಖಲೆ. ಇನ್ನೊಂದು, ನಂಬಿಕೆ ಮತ್ತು ಆಚರಣೆಗಳ ವಿಶ್ಲೇಷಣೆ: ದೃಷ್ಟಿ, ಹರಕೆ, ಮಂತ್ರ ಮೊದಲಾದವುಗಳ ವಿವೇಚನೆ. ಇವೆರಡರ ನಡುವೆ ಒಂದು ಸರಳವಾದ ಪ್ರಶ್ನೆ ಅಷ್ಟಾಗಿ ಚರ್ಚೆಗೆ ಬಂದಿಲ್ಲ. ಮದ್ದು ಕೊಟ್ಟವರಿಗೆ ಪಡೆದವರು ಏನು ಕೊಡುತ್ತಿದ್ದರು, ಯಾವಾಗ ಕೊಡುತ್ತಿದ್ದರು, ಅದರ ಪ್ರಮಾಣವನ್ನು ಗೊತ್ತುಪಡಿಸುತ್ತಿದ್ದವರು ಯಾರು ಎಂಬುದೇ ಆ ಪ್ರಶ್ನೆ.

ಉದಾರೀಕರಣದ ನಂತರದ ದಿನಗಳಲ್ಲಿ ಈ ಪ್ರಶ್ನೆಗೆ ಹೊಸ ಮಹತ್ವ ಬಂದಿದೆ. ಆರೋಗ್ಯ ವ್ಯವಸ್ಥೆಯನ್ನು ಸುಧಾರಿಸಬೇಕಾದರೆ ಅದನ್ನು ಮಾರುಕಟ್ಟೆಯ ನಿಯಮಗಳಿಗೆ ಒಪ್ಪಿಸಬೇಕು, ಬೆಲೆ ಮತ್ತು ಪೈಪೋಟಿಗಳು ಅಲ್ಲಿಯೂ ಕೆಲಸ ಮಾಡಬೇಕು ಎಂಬ ವಾದ ಜಗತ್ತಿನ ಹಲವು ದೇಶಗಳಲ್ಲಿ ನೀತಿಯ ರೂಪ ಪಡೆದಿದೆ. ಇದಕ್ಕೆ ಎದುರಾಗಿ, ಹಿಂದಿನ ಹಳ್ಳಿಗಳಲ್ಲಿ ವೈದ್ಯವು ಸೇವೆಯಾಗಿತ್ತು, ಹಣದ ಸೋಂಕು ಅದಕ್ಕೆ ಇರಲಿಲ್ಲ ಎಂಬ ಹೇಳಿಕೆಯೂ ಅಷ್ಟೇ ಸುಲಭವಾಗಿ ಕೇಳಿಬರುತ್ತದೆ. ಇವೆರಡೂ ಜನಪದದ ಅನುಭವಕ್ಕೆ ಪೂರ್ತಿಯಾಗಿ ಹೊಂದುವುದಿಲ್ಲ. ಜನಪದವು ಕೆಲವು ಮದ್ದುಗಳನ್ನು ಸಂತೆಯಲ್ಲಿ ಮಾರಿತು, ಕೆಲವನ್ನು ವರ್ಷದ ಆಯಕ್ಕೆ ಸೇರಿಸಿತು, ಇನ್ನು ಕೆಲವಕ್ಕೆ ಬೆಲೆ ಹೇಳುವುದನ್ನೇ ನಿಷೇಧಿಸಿತು. ಈ ವಿಂಗಡಣೆಯ ಹಿಂದೆ ಒಂದು ವಿವೇಕವಿದೆ. ಇಂದಿನ ಆರೋಗ್ಯ ಸುಧಾರಣೆಯ ಚರ್ಚೆಗೆ ಆ ವಿವೇಕ ಹೇಗೆ ಉಪಯುಕ್ತ ಎಂಬುದನ್ನು ಪ್ರಸ್ತುತ ಲೇಖನದಲ್ಲಿ ಪರಿಶೀಲಿಸಲಾಗಿದೆ.

ಮಾರುಕಟ್ಟೆಯ ವಾದ ಮತ್ತು ಅದಕ್ಕೆ ಬಂದ ಉತ್ತರ

ಮುಕ್ತ ಮಾರುಕಟ್ಟೆಯ ಪರವಾದ ವಾದವನ್ನು ಮೊದಲು ಅದರ ಬಲವಾದ ರೂಪದಲ್ಲಿಯೇ ಅರ್ಥಮಾಡಿಕೊಳ್ಳಬೇಕು. ಅಮೆರಿಕದ ಅರ್ಥಶಾಸ್ತ್ರಜ್ಞ ಮಿಲ್ಟನ್ ಫ್ರೀಡ್‌ಮನ್ 1962ರಲ್ಲಿ ಪ್ರಕಟಿಸಿದ 'ಕ್ಯಾಪಿಟಲಿಸಂ ಅಂಡ್ ಫ್ರೀಡಂ' ಎಂಬ ಗ್ರಂಥದಲ್ಲಿ ವೈದ್ಯವೃತ್ತಿಗೆ ಪರವಾನಗಿ ಕಡ್ಡಾಯ ಮಾಡುವುದನ್ನೇ ಪ್ರಶ್ನಿಸಿದರು. ಪರವಾನಗಿಯು ರೋಗಿಯ ರಕ್ಷಣೆಯ ಹೆಸರಿನಲ್ಲಿ ವೈದ್ಯರ ಸಂಖ್ಯೆಯನ್ನು ಮಿತಿಗೊಳಿಸುತ್ತದೆ, ಅದರಿಂದ ಶುಲ್ಕ ಏರುತ್ತದೆ, ಹೊಸ ಪ್ರಯೋಗಗಳಿಗೆ ತಡೆ ಉಂಟಾಗುತ್ತದೆ ಎಂಬುದು ಅವರ ನಿಲುವು. ರೋಗಿಯ ಪರವಾಗಿ ಬೇರೆ ಯಾರೋ ಹಣ ಕೊಡುವಾಗ ರೋಗಿಗೂ ವೈದ್ಯನಿಗೂ ಖರ್ಚಿನ ಎಚ್ಚರ ಇರುವುದಿಲ್ಲ ಎಂದು ಅವರು 2001ರ ತಮ್ಮ ಪ್ರಬಂಧವೊಂದರಲ್ಲಿ ವಾದಿಸಿದರು. ಜನರ ಕೈಯಲ್ಲಿಯೇ ಹಣ ಇರಬೇಕು, ಆಯ್ಕೆಯೂ ಅವರದೇ ಆಗಬೇಕು ಎಂಬ ಈ ವಿಚಾರದ ಫಲವಾಗಿ ಅಮೆರಿಕದಲ್ಲಿ 2003ರ ಕಾನೂನಿನ ಮೂಲಕ ಆರೋಗ್ಯ ಉಳಿತಾಯ ಖಾತೆಗಳು ಬಂದವು. ಸಿಂಗಪುರವು 1984ರಲ್ಲಿಯೇ ಸಂಬಳದ ಒಂದು ಭಾಗವನ್ನು ಚಿಕಿತ್ಸೆಗಾಗಿ ಕಡ್ಡಾಯವಾಗಿ ಉಳಿಸುವ 'ಮೆಡಿಸೇವ್' ಕ್ರಮವನ್ನು ತಂದಿತ್ತು. ಆದರೆ ಮಾರುಕಟ್ಟೆವಾದಿಗಳು ಮೆಚ್ಚುವ ಆ ದೇಶದಲ್ಲಿ ಆಸ್ಪತ್ರೆ ಹಾಸಿಗೆಗಳ ಬಹುಪಾಲು ಸಾರ್ವಜನಿಕ ಆಸ್ಪತ್ರೆಗಳಲ್ಲಿಯೇ ಇದೆ, ಸರ್ಕಾರದ ಸಹಾಯಧನವೂ ದೊಡ್ಡದಾಗಿದೆ ಎಂಬುದನ್ನು ಮರೆಯುವಂತಿಲ್ಲ.

ಬಡ ದೇಶಗಳಿಗೆ ಈ ವಿಚಾರ ತಲುಪಿದ್ದು ಮುಖ್ಯವಾಗಿ ವಿಶ್ವಬ್ಯಾಂಕಿನ ಮೂಲಕ. ಸರ್ಕಾರಿ ಆಸ್ಪತ್ರೆಗಳಲ್ಲಿ ಬಳಕೆದಾರರ ಶುಲ್ಕ, ವಿಮೆ, ಖಾಸಗಿ ಸಂಸ್ಥೆಗಳ ಪಾಲುಗಾರಿಕೆ ಮತ್ತು ವಿಕೇಂದ್ರೀಕರಣ ಎಂಬ ನಾಲ್ಕು ಸುಧಾರಣೆಗಳನ್ನು ಅದರ 1987ರ ವರದಿಯೊಂದು ಮುಂದಿಟ್ಟಿತು. 1996ರಲ್ಲಿ ವಿಶ್ವಬ್ಯಾಂಕಿನ ನೆರವಿನೊಂದಿಗೆ ಆರಂಭವಾದ ಆರೋಗ್ಯ ವ್ಯವಸ್ಥೆಗಳ ಅಭಿವೃದ್ಧಿ ಯೋಜನೆಯು ಪಂಜಾಬ್ ಮತ್ತು ಪಶ್ಚಿಮ ಬಂಗಾಳಗಳೊಂದಿಗೆ ಕರ್ನಾಟಕವನ್ನೂ ಒಳಗೊಂಡಿತ್ತು. ಬಡವರಿಗೆ ವಿನಾಯಿತಿ ನೀಡಿ, ಉಳಿದವರಿಂದ ಶುಲ್ಕ ಪಡೆದು ಆಸ್ಪತ್ರೆಗಳನ್ನು ಸುಧಾರಿಸುವುದು ಅದರ ಅಂಗವಾಗಿತ್ತು.

ಈ ವಾದಕ್ಕೆ ಅರ್ಥಶಾಸ್ತ್ರದ ಒಳಗಿನಿಂದಲೇ ಬಂದ ಉತ್ತರ ಕೆನೆತ್ ಆರೋ ಅವರದು. 1963ರಲ್ಲಿ ಪ್ರಕಟವಾದ ಅವರ ಪ್ರಬಂಧದ ತಿರುಳು ಹೀಗಿದೆ. ರೋಗ ಯಾವಾಗ ಬರುತ್ತದೆಂದು ಯಾರಿಗೂ ತಿಳಿಯದು. ಬಂದ ಮೇಲೆ ಯಾವ ಚಿಕಿತ್ಸೆ ಬೇಕು, ಕೊಟ್ಟ ಚಿಕಿತ್ಸೆ ಸರಿಯೇ ಎಂಬುದನ್ನು ರೋಗಿ ಅಳೆಯಲಾರ. ಕೊಳ್ಳುವವನಿಗಿಂತ ಮಾರುವವನಿಗೆ ಬಹಳ ಹೆಚ್ಚು ತಿಳಿದಿರುವ ಇಂತಹ ಕಡೆ ಬೆಲೆಯೊಂದೇ ನಂಬಿಕೆಯನ್ನು ಹುಟ್ಟಿಸಲಾರದು. ಆದುದರಿಂದಲೇ ಸಮಾಜಗಳು ವೈದ್ಯನ ಮೇಲೆ ವ್ಯಾಪಾರಿಗೆ ಇಲ್ಲದ ಕಟ್ಟುಪಾಡುಗಳನ್ನು ಹೇರುತ್ತವೆ. ಆತ ಜಾಹೀರಾತು ಮಾಡಬಾರದು, ಬೆಲೆಯ ಪೈಪೋಟಿಗೆ ಇಳಿಯಬಾರದು, ಅವನ ಸಲಹೆ ಸ್ವಲಾಭದಿಂದ ದೂರವಿರಬೇಕು, ರೋಗಿಯ ಹಣದ ಬಲಕ್ಕಿಂತ ರೋಗದ ಅಗತ್ಯವೇ ಚಿಕಿತ್ಸೆಯನ್ನು ನಿರ್ಧರಿಸಬೇಕು ಎಂಬ ನಿರೀಕ್ಷೆಗಳು ಹೀಗೆ ಹುಟ್ಟಿದವು. ಮಾರುಕಟ್ಟೆ ತುಂಬಲಾಗದ ತೆರವನ್ನು ಮಾರುಕಟ್ಟೆಯಲ್ಲದ ಸಂಸ್ಥೆಗಳು ತುಂಬುತ್ತವೆ ಎಂಬುದು ಆರೋ ಅವರ ತೀರ್ಮಾನ.

ಆರೋ ಅವರು ಬರೆದದ್ದು ಅಮೆರಿಕದ ವೈದ್ಯವೃತ್ತಿಯನ್ನು ಕುರಿತು. ಆದರೆ ಅವರು ಪಟ್ಟಿ ಮಾಡಿದ ಕಟ್ಟುಪಾಡುಗಳನ್ನು ಓದುವ ಜಾನಪದ ವಿದ್ಯಾರ್ಥಿಗೆ ನಮ್ಮ ನಾಟಿ ವೈದ್ಯರು ಪಾಲಿಸುವ ನೇಮಗಳು ನೆನಪಾಗದೆ ಇರವು.

ಜನಪದ ವೈದ್ಯದ ಮೂರು ವಲಯಗಳು

ಪ್ರತಿಫಲದ ದೃಷ್ಟಿಯಿಂದ ಕರ್ನಾಟಕದ ಜನಪದ ವೈದ್ಯವನ್ನು ಮೂರು ವಲಯಗಳಾಗಿ ವಿಂಗಡಿಸಬಹುದು. ಇವುಗಳನ್ನು ಸಂತೆಯ ಮದ್ದು, ಆಯದ ಮದ್ದು ಮತ್ತು ನೇಮದ ಮದ್ದು ಎಂದು ಕರೆಯಬಹುದಾಗಿದೆ.

ಮೊದಲನೆಯದು ಸಂತೆಯ ಮದ್ದು. ಸಂತೆ, ಜಾತ್ರೆ, ಬಸ್ ನಿಲ್ದಾಣಗಳ ಬದಿಯಲ್ಲಿ ಬಟ್ಟೆ ಹಾಸಿ ನಾರುಬೇರು, ಎಣ್ಣೆ, ಭಸ್ಮಗಳನ್ನು ಮಾರುವವರು ಈ ವಲಯಕ್ಕೆ ಸೇರುತ್ತಾರೆ. ಇಲ್ಲಿ ಬೆಲೆ ಇದೆ, ಚೌಕಾಸಿ ಇದೆ, ಗಿರಾಕಿಯನ್ನು ಸೆಳೆಯುವ ಮಾತುಗಾರಿಕೆ ಇದೆ. ಹಕ್ಕಿಪಿಕ್ಕಿ ಸಮುದಾಯದವರ ತಲೆಗೂದಲಿನ ಎಣ್ಣೆ ಇದಕ್ಕೆ ಒಳ್ಳೆಯ ಉದಾಹರಣೆ. ಬೇಟೆಯನ್ನು ಅವಲಂಬಿಸಿದ್ದ ಈ ಅಲೆಮಾರಿ ಸಮುದಾಯ ಕಾನೂನು ಬದಲಾದಾಗ ಗಿಡಮೂಲಿಕೆಗಳ ವ್ಯಾಪಾರದತ್ತ ಹೊರಳಿ ದೇಶದ ಗಡಿಯನ್ನೂ ದಾಟಿತು. 2023ರ ಏಪ್ರಿಲ್‌ನಲ್ಲಿ ಸುಡಾನ್‌ನಲ್ಲಿ ಅಂತರ್ಯುದ್ಧ ಆರಂಭವಾದಾಗ ಅಲ್ಲಿ ಸಿಕ್ಕಿಬಿದ್ದ ಕನ್ನಡನಾಡಿನವರಲ್ಲಿ ಗಿಡಮೂಲಿಕೆ ಮಾರಲು ಹೋಗಿದ್ದ ಹಕ್ಕಿಪಿಕ್ಕಿಗಳೂ ಇದ್ದರು ಎಂಬ ಸಂಗತಿ ನಾಡಿನ ಬಹುಮಂದಿಗೆ ಅಚ್ಚರಿ ತಂದಿತು. ಸಂತೆಯ ಮದ್ದನ್ನು ಕೊಳ್ಳುವವನಿಗೆ ಅವಸರವಿಲ್ಲ. ಕೂದಲು, ಕೀಲುನೋವು, ಕಜ್ಜಿ, ಹಲ್ಲುನೋವು ಮೊದಲಾದವುಗಳಿಗೆ ಆತ ಮದ್ದು ಕೊಂಡು, ಗುಣವಾಗದಿದ್ದರೆ ಮುಂದಿನ ಸಂತೆಯಲ್ಲಿ ಬೇರೊಬ್ಬನ ಬಳಿ ಹೋಗಬಲ್ಲ. ಆಯ್ಕೆ ಮತ್ತು ಹೋಲಿಕೆ ಸಾಧ್ಯವಿರುವ ಕಡೆ ಜನಪದವು ಮಾರುಕಟ್ಟೆಗೆ ಹೆದರಲಿಲ್ಲ.

ಎರಡನೆಯದು ಆಯದ ಮದ್ದು. ಹಳ್ಳಿಯ ಆಯಗಾರ ಪದ್ಧತಿಯಲ್ಲಿ ಬಡಗಿ, ಕಮ್ಮಾರ, ಅಗಸ, ಕ್ಷೌರಿಕ ಮೊದಲಾದವರಿಗೆ ಸುಗ್ಗಿಯ ಕಾಲದಲ್ಲಿ ರೈತರು ಕಣದಲ್ಲಿಯೇ ಧಾನ್ಯದ ಪಾಲನ್ನು ಅಳೆದು ಕೊಡುತ್ತಿದ್ದುದು ತಿಳಿದ ವಿಷಯ. ಕ್ಷೌರಿಕ ಮನೆತನಗಳು ಕುರು ಕೊಯ್ಯುವುದು, ಗಾಯಕ್ಕೆ ಮದ್ದು ಕಟ್ಟುವುದು ಮೊದಲಾದ ಕೆಲಸಗಳನ್ನೂ, ಹಲವೆಡೆ ಆ ಮನೆಯ ಹೆಂಗಸರು ಹೆರಿಗೆಯ ಕೆಲಸವನ್ನೂ ಮಾಡುತ್ತಿದ್ದರು. ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಆಯವು ವರ್ಷಕ್ಕೆ ಸಲ್ಲುವಂಥದೇ ಹೊರತು ಒಂದೊಂದು ರೋಗಕ್ಕೆ ಸಲ್ಲುವಂಥದಲ್ಲ. ಕುರು ಎಷ್ಟು ಬಾರಿ ಎದ್ದರೂ ಪಾಲು ಅಷ್ಟೇ. ಆದುದರಿಂದ ರೋಗವನ್ನು ಬೆಳೆಸುವುದರಲ್ಲಿ ಯಾರಿಗೂ ಲಾಭವಿರಲಿಲ್ಲ. ರೋಗ ಬರುವ ಮುನ್ನವೇ ಎಲ್ಲರೂ ಸೇರಿ ಕೊಟ್ಟು, ಬಂದವರು ಬಳಸಿಕೊಳ್ಳುವ ಈ ಕ್ರಮ ಇಂದಿನ ವಿಮೆಯ ಪರಿಭಾಷೆಗೆ ಸಮೀಪವಾದುದು.

ಮೂರನೆಯದು ನೇಮದ ಮದ್ದು. ಹಾವು ಕಡಿತ, ಕಾಮಾಲೆ, ಸರ್ಪಸುತ್ತು, ಹೆರಿಗೆ, ಮಕ್ಕಳ ರೋಗಗಳು ಈ ವಲಯಕ್ಕೆ ಸೇರುತ್ತವೆ. ಇಲ್ಲಿ ಮದ್ದು ಕೊಡುವವರು ಬೆಲೆ ಹೇಳಬಾರದು, ತಾವಾಗಿ ಹೋಗಿ ತಮ್ಮ ವಿದ್ಯೆಯನ್ನು ಸಾರಬಾರದು, ಬಂದವರನ್ನು ಹಿಂದಕ್ಕೆ ಕಳುಹಿಸಬಾರದು ಎಂಬ ಮೂರು ನೇಮಗಳು ನಾಡಿನ ಹಲವು ಭಾಗಗಳಲ್ಲಿ ಸಣ್ಣಪುಟ್ಟ ವ್ಯತ್ಯಾಸಗಳೊಂದಿಗೆ ಕಂಡುಬರುತ್ತವೆ. ಹಾವು ಕಚ್ಚಿದ ಸುದ್ದಿ ಬಂದರೆ ಉಣ್ಣುತ್ತಿದ್ದರೂ ಏಳಬೇಕು ಎಂಬ ನಂಬಿಕೆ ವ್ಯಾಪಕವಾದುದು. ದುಡ್ಡಿಗೆ ಕೊಟ್ಟರೆ ವಿದ್ಯೆ ಕೈಬಿಟ್ಟು ಹೋಗುತ್ತದೆ ಎಂಬ ಎಚ್ಚರಿಕೆಯೊಂದಿಗೇ ಗುರು ಶಿಷ್ಯನಿಗೆ ಮದ್ದನ್ನು ತೋರಿಸಿಕೊಡುತ್ತಾನೆ.

ಈ ಮೂರು ವಲಯಗಳ ನಡುವಿನ ಗೆರೆ ಎಲ್ಲಿದೆ? ಕಾಯಿಲೆ ಸಣ್ಣದೋ ದೊಡ್ಡದೋ ಎಂಬುದಷ್ಟೇ ಅದನ್ನು ನಿರ್ಧರಿಸಿಲ್ಲ. ಕಾಯಲು ಸಾಧ್ಯವೇ, ಹೋಲಿಸಿ ನೋಡಲು ಸಾಧ್ಯವೇ, ತಪ್ಪಿದರೆ ತಿದ್ದಿಕೊಳ್ಳಲು ಸಾಧ್ಯವೇ ಎಂಬ ಮೂರು ಪ್ರಶ್ನೆಗಳಿಗೆ ಹೌದೆಂಬ ಉತ್ತರ ಬಂದ ಕಡೆ ಮದ್ದು ಸಂತೆಗೆ ಹೋಯಿತು. ಇಲ್ಲವೆಂಬ ಉತ್ತರ ಬಂದ ಕಡೆ ಬೆಲೆಯ ಮಾತು ನಿಷಿದ್ಧವಾಯಿತು. ಪ್ರಾಣ ಕೈಯಲ್ಲಿ ಹಿಡಿದು ಬಂದವನು ಚೌಕಾಸಿ ಮಾಡಲಾರ ಎಂಬ ತಿಳಿವಳಿಕೆ ಇದರ ಹಿಂದಿದೆ.

ಬೆಲೆ ಇಲ್ಲ, ಪುಕ್ಕಟೆಯೂ ಅಲ್ಲ

ನೇಮದ ಮದ್ದಿಗೆ ಬೆಲೆ ಇಲ್ಲವೆಂದರೆ ಪ್ರತಿಫಲವೇ ಇಲ್ಲವೆಂದು ಅರ್ಥವಲ್ಲ. ಬರಿಗೈಯಲ್ಲಿ ಮದ್ದು ಪಡೆಯಬಾರದು, ಪಡೆದರೆ ಅದು ನಾಟುವುದಿಲ್ಲ ಎಂಬ ನಂಬಿಕೆ ಬೆಲೆಯ ನಿಷೇಧದ ಜೊತೆಜೊತೆಗೇ ಇದೆ. ಎಲೆ, ಅಡಿಕೆ, ತೆಂಗಿನಕಾಯಿ, ಒಂದು ನಾಣ್ಯ ಇಷ್ಟನ್ನಾದರೂ ಮುಂದಿಡಬೇಕು. ಗುಣವಾದ ಮೇಲೆ ಶಕ್ತ್ಯಾನುಸಾರ ಕಾಣಿಕೆ ಸಲ್ಲಿಸಬೇಕು. ಸೂಲಗಿತ್ತಿಗೆ ಮೊರದಲ್ಲಿ ಅಕ್ಕಿ, ಬೆಲ್ಲ, ಕೊಬ್ಬರಿ, ಕುಪ್ಪಸದ ಕಣ, ಅನುಕೂಲವಿದ್ದವರು ಸೀರೆ ಕೊಡುವುದು ರೂಢಿ. ಇಲ್ಲಿ ಮೂರು ಲಕ್ಷಣಗಳು ಸ್ಪಷ್ಟವಾಗಿವೆ. ಪ್ರಮಾಣವನ್ನು ನಿರ್ಧರಿಸುವವರು ಪಡೆದವರೇ ವಿನಾ ಕೊಟ್ಟವರಲ್ಲ. ಮುಖ್ಯ ಕಾಣಿಕೆ ಸಲ್ಲುವುದು ಗುಣವಾದ ಮೇಲೆ. ಉಳ್ಳವರು ಹೆಚ್ಚು, ಇಲ್ಲದವರು ಕಡಿಮೆ ಕೊಡುತ್ತಾರೆ.

ಉಚಿತವಾಗಿ ಸಿಗುವುದಕ್ಕೆ ಜನ ಬೆಲೆ ಕೊಡುವುದಿಲ್ಲ ಎಂಬುದು ಮಾರುಕಟ್ಟೆವಾದಿಗಳ ಮುಖ್ಯ ತರ್ಕಗಳಲ್ಲೊಂದು. 'ಹಿತ್ತಲ ಗಿಡ ಮದ್ದಲ್ಲ' ಎಂಬ ಗಾದೆಯೂ ಇದನ್ನೇ ಇನ್ನೊಂದು ಬಗೆಯಲ್ಲಿ ಹೇಳುತ್ತದೆ. ಎಲೆ ಅಡಿಕೆಯ ನೇಮ ಈ ದೌರ್ಬಲ್ಯವನ್ನು ಒಪ್ಪಿಕೊಂಡಿದೆ. ಆದರೆ ಪಡೆಯುವವನ ಗಂಭೀರತೆಗೆ ಸಾಕ್ಷಿಯಾಗುವ ಒಂದು ನಾಣ್ಯಕ್ಕೂ, ಬಡವನನ್ನು ಬಾಗಿಲಲ್ಲೇ ತಡೆಯುವ ಶುಲ್ಕಕ್ಕೂ ಇರುವ ವ್ಯತ್ಯಾಸವನ್ನು ಅದು ಮರೆತಿಲ್ಲ. ಈ ವ್ಯತ್ಯಾಸದ ಮಹತ್ವವನ್ನು ಅಮೆರಿಕದ ರ‍್ಯಾಂಡ್ ಸಂಸ್ಥೆ 1974ರಿಂದ 1982ರವರೆಗೆ ನಡೆಸಿದ ಪ್ರಸಿದ್ಧ ಪ್ರಯೋಗ ತೋರಿಸಿಕೊಟ್ಟಿತು. ಖರ್ಚಿನ ಪಾಲನ್ನು ತಾವೇ ಹೊರಬೇಕಾದ ಕುಟುಂಬಗಳು ಚಿಕಿತ್ಸೆಯನ್ನು ಕಡಿಮೆ ಬಳಸಿದವು. ಬಹುಮಂದಿಯ ಆರೋಗ್ಯಕ್ಕೆ ಅದರಿಂದ ಹೆಚ್ಚಿನ ಹಾನಿಯಾಗಲಿಲ್ಲ. ಮಾರುಕಟ್ಟೆವಾದಕ್ಕೆ ಇದು ಸಮರ್ಥನೆಯೇ ಸರಿ. ಆದರೆ ಅವರು ಅನಗತ್ಯ ಚಿಕಿತ್ಸೆಯನ್ನಷ್ಟೇ ಕೈಬಿಡಲಿಲ್ಲ, ಅಗತ್ಯವಾದುದನ್ನೂ ಸರಿಸುಮಾರು ಅಷ್ಟೇ ಪ್ರಮಾಣದಲ್ಲಿ ಕೈಬಿಟ್ಟರು. ರಕ್ತದೊತ್ತಡವಿದ್ದ ಬಡವರ ಸ್ಥಿತಿ ಉಚಿತ ಚಿಕಿತ್ಸೆ ಪಡೆದವರಿಗಿಂತ ಕೆಟ್ಟದಾಗಿತ್ತು. ಬೇಕಾದುದಾವುದು, ಬೇಡವಾದುದಾವುದು ಎಂಬ ವಿವೇಚನೆಯನ್ನು ಬೆಲೆ ರೋಗಿಗೆ ಕಲಿಸಲಿಲ್ಲ.

ಬೆಲೆ ಹೇಳದ ವೈದ್ಯನನ್ನು ಜನ ಯಾವ ಆಧಾರದ ಮೇಲೆ ನಂಬುತ್ತಾರೆ? ಇದಕ್ಕೆ ಜನಪದದ ಉತ್ತರ 'ಕೈಗುಣ' ಎಂಬ ಪರಿಕಲ್ಪನೆಯಲ್ಲಿದೆ. ಕೈಗುಣ ಎಂಬುದು ಮೇಲ್ನೋಟಕ್ಕೆ ದೈವದತ್ತ ಶಕ್ತಿಯೆಂದು ತೋರಿದರೂ ವ್ಯವಹಾರದಲ್ಲಿ ಅದು ಊರು ಕೂಡಿ ನೀಡುವ ಪ್ರಮಾಣಪತ್ರ. ಗುಣವಾದವರ ಬಾಯಿಂದ ಬಾಯಿಗೆ ಹರಡಿ, ತಲೆಮಾರುಗಳಲ್ಲಿ ಕೂಡಿಬಂದ ಹೆಸರು ಅದು. ಅದನ್ನು ವೈದ್ಯನೇ ಹೇಳಿಕೊಂಡರೆ ಬೆಲೆ ಕಳೆದುಕೊಳ್ಳುತ್ತದೆ. ಲಾಭದ ಆಸೆಯಿಲ್ಲ ಎಂಬುದಕ್ಕೆ ಬೆಲೆ ಹೇಳದಿರುವುದೇ ಸಾಕ್ಷಿಯಾಗಿ, ಕೈಗುಣದ ನಂಬಿಕೆಯನ್ನು ಗಟ್ಟಿಗೊಳಿಸುತ್ತದೆ. ಹೀಗೆ ಮೂರು ನೇಮಗಳು ಆರೋ ಅವರು ಗುರುತಿಸಿದ ತೆರವನ್ನು ಹಳ್ಳಿಯ ಮಟ್ಟದಲ್ಲಿ ತುಂಬುತ್ತವೆ.

ನೇಮದ ನೆರಳು

ಈ ವ್ಯವಸ್ಥೆಯನ್ನು ಆದರ್ಶವೆಂದು ಚಿತ್ರಿಸುವುದು ತಪ್ಪಾಗುತ್ತದೆ. ಅದರ ದೋಷಗಳು ಎರಡು ಬಗೆಯವು.

ಮೊದಲನೆಯದು ಸಾಮಾಜಿಕ. ಬೆಲೆ ಹೇಳಬಾರದು ಎಂಬ ನೇಮವನ್ನು ಮೇಲುಜಾತಿಯ ಪಂಡಿತ ಪಾಲಿಸಿದಾಗ ಅದು ಔದಾರ್ಯವೆನಿಸಿಕೊಂಡಿತು. ಅದೇ ನೇಮ ದಲಿತ ಅಥವಾ ಕ್ಷೌರಿಕ ಮನೆತನದ ಸೂಲಗಿತ್ತಿಗೆ ಬಿಟ್ಟಿ ದುಡಿಮೆಯ ಇನ್ನೊಂದು ಹೆಸರಾಯಿತು. ಹೆರಿಗೆ ಮಾಡಿಸಿದ ಕೈಯನ್ನು ಮೈಲಿಗೆಯೆಂದು ದೂರವಿಟ್ಟು, ಗಂಡು ಹುಟ್ಟಿದರೆ ಒಂದಿಷ್ಟು ಹೆಚ್ಚು, ಹೆಣ್ಣು ಹುಟ್ಟಿದರೆ ಕಡಿಮೆ ಎಂದು ಅಳೆದ ಸಮಾಜ ನಮ್ಮದು. ಕೊಡುವವರ ಇಚ್ಛೆಗೆ ಬಿಟ್ಟ ಪ್ರತಿಫಲ ಎಂದರೆ ಕೊಡುವವರ ಅಧಿಕಾರಕ್ಕೆ ಬಿಟ್ಟ ಪ್ರತಿಫಲ ಎಂದೂ ಅರ್ಥ. ನಗದು ಕೂಲಿ ಮತ್ತು ಗೊತ್ತಾದ ದರ ಇಂತಹವರಿಗೆ ಬಿಡುಗಡೆಯಾಗಿ ಬಂದವು ಎಂಬುದನ್ನು ಜಾನಪದ ವಿದ್ವಾಂಸರು ಒಪ್ಪಿಕೊಳ್ಳಬೇಕು. ಪಾವಗಡ ತಾಲ್ಲೂಕಿನ ಸೂಲಗಿತ್ತಿ ನರಸಮ್ಮನವರು ಪ್ರತಿಫಲ ಬಯಸದೆ 15,000ಕ್ಕೂ ಹೆಚ್ಚು ಹೆರಿಗೆಗಳನ್ನು ಮಾಡಿಸಿದವರೆಂದು ನಾಡು ಗೌರವಿಸಿತು. 2018ರಲ್ಲಿ ಅವರಿಗೆ ಪದ್ಮಶ್ರೀ ಸಂದಿತು, ಅದೇ ವರ್ಷದ ಡಿಸೆಂಬರ್‌ನಲ್ಲಿ ಅವರು ತೀರಿಕೊಂಡರು. ಆ ಗೌರವ ಅರ್ಹವಾದುದು. ಆದರೆ ಹೆಸರಿಲ್ಲದೆ ಮರೆಯಾದ ಸಾವಿರಾರು ಸೂಲಗಿತ್ತಿಯರಿಗೆ ಸಲ್ಲಬೇಕಾಗಿದ್ದ ಪ್ರತಿಫಲದ ಪ್ರಶ್ನೆಯನ್ನು ಅದು ಮುಚ್ಚಿಹಾಕಬಾರದು.

ಎರಡನೆಯ ದೋಷ ಪರಿಣಾಮಕ್ಕೆ ಸಂಬಂಧಿಸಿದ್ದು. ಲಾಭದ ಆಸೆಯಿಲ್ಲದಿರುವುದು ಪ್ರಾಮಾಣಿಕತೆಗೆ ಸಾಕ್ಷಿಯೇ ಹೊರತು ಮದ್ದಿನ ಗುಣಕ್ಕೆ ಸಾಕ್ಷಿಯಲ್ಲ. ವಿಷವೈದ್ಯಕ್ಕೆ ಕನ್ನಡದಲ್ಲಿ ಮಂಗರಾಜನ 'ಖಗೇಂದ್ರಮಣಿದರ್ಪಣ'ದಷ್ಟು ಹಳೆಯ ಗ್ರಂಥಪರಂಪರೆಯೇ ಇದ್ದರೂ, ವಿಷದ ಹಾವು ಕಚ್ಚಿದಾಗ ಪ್ರಾಣ ಉಳಿಸುವುದು ಪ್ರತಿವಿಷದ ಚುಚ್ಚುಮದ್ದು. ಮಂತ್ರಕ್ಕಾಗಿ ಕಳೆದ ಹೊತ್ತು ಪ್ರಾಣಕ್ಕೆ ಎರವಾಗುತ್ತದೆ. ವಿಷವಿಲ್ಲದ ಹಾವು ಕಚ್ಚಿ ಬದುಕಿದವರೆಲ್ಲ ಮಂತ್ರದ ಕೈಗುಣಕ್ಕೆ ಸಾಕ್ಷಿಗಳಾಗುತ್ತಾರೆ, ಸತ್ತವರು ಸಾಕ್ಷಿ ಹೇಳುವುದಿಲ್ಲ. ಊರಿನ ನೆನಪು ನೀಡುವ ಪ್ರಮಾಣಪತ್ರದ ಮಿತಿ ಇದು.

ಹೆಸರು ಮಾರಾಟಕ್ಕೆ ಬಂದಾಗ

ನೇಮದ ಮದ್ದು ಮಾರುಕಟ್ಟೆಗೆ ಬಂದಾಗ ಏನಾಗುತ್ತದೆ ಎಂಬುದಕ್ಕೆ ನೆರೆಯ ರಾಜ್ಯಗಳ ಎರಡು ನಿದರ್ಶನಗಳು ಕುತೂಹಲಕರವಾಗಿವೆ.

ಆಂಧ್ರಪ್ರದೇಶದ ತಿರುಪತಿಯ ಸಮೀಪದ ಪುತ್ತೂರು ಮೂಳೆ ಕಟ್ಟುವ ವೈದ್ಯಕ್ಕೆ ಹೆಸರಾದುದು. ಅಲ್ಲಿನ ಒಂದು ಮನೆತನದ ಕೈಗುಣ ಊರಿನ ಹೆಸರಿಗೆ ಅಂಟಿಕೊಂಡಿತು. ಇಂದು ಬೆಂಗಳೂರು ಸೇರಿದಂತೆ ದಕ್ಷಿಣದ ಹಲವು ನಗರಗಳಲ್ಲಿ 'ಪುತ್ತೂರು ಕಟ್ಟು' ಎಂಬ ಫಲಕಗಳು ಕಾಣಸಿಗುತ್ತವೆ. ಫಲಕ ಹಾಕಿದವರು ಆ ಊರಿನವರೇ, ಆ ವಿದ್ಯೆಯನ್ನು ಕಲಿತವರೇ ಎಂದು ತಿಳಿಯಲು ಕೈಕಾಲು ಮುರಿದುಕೊಂಡು ಬಂದವನಿಗೆ ದಾರಿಯಿಲ್ಲ. ಹಳ್ಳಿಯಲ್ಲಿ ಕೈಗುಣವೆಂಬುದು ಮನುಷ್ಯನಿಗೆ ಸಂಬಂಧಿಸಿತ್ತು, ನಗರದಲ್ಲಿ ಅದು ಫಲಕಕ್ಕೆ ಸಂಬಂಧಿಸಿದೆ. ಗುರುತಿಲ್ಲದವರ ನಡುವೆ ಹೆಸರು ಸುಲಭವಾಗಿ ಸಾಗುತ್ತದೆ, ಹೆಸರಿಗೆ ಜಾಮೀನಾಗಿದ್ದ ಊರಿನ ನೆನಪು ಸಾಗುವುದಿಲ್ಲ.

ಎರಡನೆಯದು ಕೇರಳದ ಅಗಸ್ತ್ಯಮಲೆಯ ಕಾಣಿ ಬುಡಕಟ್ಟಿನ ನಿದರ್ಶನ. ಅವರು ಕಾಡಿನಲ್ಲಿ ದಣಿವಾರಿಸಿಕೊಳ್ಳಲು ತಿನ್ನುತ್ತಿದ್ದ ಆರೋಗ್ಯಪಚ್ಚ ಎಂಬ ಗಿಡದ ತಿಳಿವಳಿಕೆಯನ್ನು 1987ರಲ್ಲಿ ವಿಜ್ಞಾನಿಗಳು ಅವರಿಂದ ಪಡೆದರು. ಅದರಿಂದ ಸಿದ್ಧವಾದ 'ಜೀವನಿ' ಎಂಬ ಔಷಧವನ್ನು ತಯಾರಿಸುವ ಹಕ್ಕನ್ನು ತಿರುವನಂತಪುರದ ಉಷ್ಣವಲಯ ಸಸ್ಯೋದ್ಯಾನ ಸಂಸ್ಥೆ 10 ಲಕ್ಷ ರೂಪಾಯಿ ಮತ್ತು ಶೇ. 2ರ ಗೌರವಧನಕ್ಕೆ ಕಂಪನಿಯೊಂದಕ್ಕೆ ನೀಡಿತು. ಬಂದುದರಲ್ಲಿ ಅರ್ಧವನ್ನು ಕಾಣಿಗಳಿಗೆ ಹಂಚಲು 1997ರಲ್ಲಿ ಟ್ರಸ್ಟ್ ಸ್ಥಾಪನೆಯಾಯಿತು. ಲಾಭ ಹಂಚಿಕೆಯ ಮಾದರಿಯೆಂದು ಇದು ಜಗತ್ತಿನಲ್ಲಿ ಹೆಸರಾಯಿತು. ಆದರೆ ಮದ್ದಿನ ಗುಟ್ಟನ್ನು ಮಾರುವುದೇ ನೇಮಕ್ಕೆ ವಿರುದ್ಧವೆಂದು ಕಾಣಿಗಳ ವೈದ್ಯರಲ್ಲಿ ಹಲವರು ಆಕ್ಷೇಪಿಸಿದರು. ಬೆಲೆ ನ್ಯಾಯವಾಗಿತ್ತೇ ಎಂಬುದು ಹೊರಗಿನವರ ಪ್ರಶ್ನೆಯಾಗಿತ್ತು. ಬೆಲೆ ಕಟ್ಟಬಹುದೇ ಎಂಬುದು ಅವರ ಪ್ರಶ್ನೆಯಾಗಿತ್ತು.

ಪರವಾನಗಿಯ ವಿಷಯದಲ್ಲಿ ನಾಟಿ ವೈದ್ಯರ ಸ್ಥಿತಿ ಇನ್ನೂ ವಿಚಿತ್ರವಾದುದು. ಅಂಗೀಕೃತ ವಿದ್ಯಾರ್ಹತೆ ಇಲ್ಲದವರು ವೈದ್ಯವೃತ್ತಿ ನಡೆಸುವಂತಿಲ್ಲ ಎಂದು ಕೇರಳದ ಪಾರಂಪರಿಕ ವೈದ್ಯರ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ 2018ರ ಏಪ್ರಿಲ್‌ನಲ್ಲಿ ತೀರ್ಪಿತ್ತಿತು. ಇನ್ನೊಂದೆಡೆ ಭಾರತೀಯ ಗುಣಮಟ್ಟ ಪರಿಷತ್ತು ಸಮುದಾಯದ ಪಾರಂಪರಿಕ ವೈದ್ಯರ ಕೌಶಲವನ್ನು ಪರೀಕ್ಷಿಸಿ ಸ್ವಯಂಪ್ರೇರಿತ ಪ್ರಮಾಣಪತ್ರ ನೀಡುವ ಕ್ರಮವನ್ನು ರೂಪಿಸಿದೆ. ಪರವಾನಗಿ ಬೇಡ, ಪ್ರಮಾಣಪತ್ರ ಸಾಕು ಎಂದ ಫ್ರೀಡ್‌ಮನ್ನರ ವಾದ ಇಲ್ಲಿ ನಾಟಿ ವೈದ್ಯರ ಪರವಾಗಿ ನಿಲ್ಲುವಂತೆ ಕಾಣುತ್ತದೆ. ಆದರೆ ಅದೇ ವಾದ ಅವರನ್ನು ಬೆಲೆ ಹೇಳುವ, ಫಲಕ ಹಾಕುವ ಪೈಪೋಟಿಗೂ ಕರೆಯುತ್ತದೆ. ಮಾರುಕಟ್ಟೆಯು ನಾಟಿ ವೈದ್ಯನಿಗೆ ಸ್ವಾತಂತ್ರ್ಯ ಕೊಟ್ಟು, ಅವನನ್ನು ನಂಬಲರ್ಹನನ್ನಾಗಿ ಮಾಡಿದ್ದ ನೇಮಗಳನ್ನು ಕಿತ್ತುಕೊಳ್ಳುತ್ತದೆ.

ಕರ್ನಾಟಕದ ಪ್ರಯೋಗಗಳು

ಈ ಹಿನ್ನೆಲೆಯಲ್ಲಿ ಕಳೆದ ಎರಡು ದಶಕಗಳ ಕರ್ನಾಟಕದ ಆರೋಗ್ಯ ನೀತಿಯನ್ನು ಗಮನಿಸಿದರೆ ಮೂರು ವಲಯಗಳ ವಿಂಗಡಣೆ ಬೇರೆ ವೇಷದಲ್ಲಿ ಮರಳಿ ಬಂದಿರುವುದು ಕಾಣುತ್ತದೆ.

2003ರಲ್ಲಿ ಜಾರಿಗೆ ಬಂದ ಯಶಸ್ವಿನಿ ಯೋಜನೆ ಸಹಕಾರ ಸಂಘಗಳ ಸದಸ್ಯರಾದ ರೈತರಿಂದ ಮೊದಲ ವರ್ಷ 60 ರೂಪಾಯಿ, ಅಂದರೆ ತಿಂಗಳಿಗೆ 5 ರೂಪಾಯಿ ಪಡೆದು ಶಸ್ತ್ರಚಿಕಿತ್ಸೆಗಳ ವೆಚ್ಚವನ್ನು ಭರಿಸಿತು. ಚಿಕಿತ್ಸೆ ನೀಡುವಲ್ಲಿ ಖಾಸಗಿ ಆಸ್ಪತ್ರೆಗಳ ಪಾತ್ರ ಹಿರಿದಾಗಿತ್ತು, ಹಣ ಕೂಡಿದ್ದು ಊರಿನ ಸಹಕಾರ ಸಂಘದಲ್ಲಿ, ಸರ್ಕಾರ ತನ್ನ ಪಾಲನ್ನು ಸೇರಿಸಿತು. ಮಾರುಕಟ್ಟೆ, ಸಮುದಾಯ, ಸರ್ಕಾರ ಮೂರೂ ಕೂಡಿದ ಈ ಕ್ರಮ ಆಯದ ಹೊಸ ರೂಪವೆನ್ನಬಹುದು. 2018ರಲ್ಲಿ ಆರೋಗ್ಯ ಕರ್ನಾಟಕದಲ್ಲಿ ವಿಲೀನವಾದ ಈ ಯೋಜನೆ 2023ರಲ್ಲಿ ಮತ್ತೆ ಜಾರಿಗೆ ಬಂದುದು ಅದಕ್ಕೆ ಜನರಲ್ಲಿದ್ದ ಬೇಡಿಕೆಯನ್ನು ಸೂಚಿಸುತ್ತದೆ. ಆದರೆ ಆಯಕ್ಕೂ ಇದಕ್ಕೂ ಒಂದು ಅಂತರವಿದೆ. ಆಯದಲ್ಲಿ ಕೊಡುಗೆ ವರ್ಷಕ್ಕೆ ಒಮ್ಮೆ ಎಂದು ಗೊತ್ತಾಗಿತ್ತು. ಇಲ್ಲಿ ರೈತ ಕೊಡುವುದು ವರ್ಷಕ್ಕೊಮ್ಮೆ, ಆಸ್ಪತ್ರೆ ಪಡೆಯುವುದು ಒಂದೊಂದು ಶಸ್ತ್ರಚಿಕಿತ್ಸೆಗೆ. ಕತ್ತಿಗೆ ಪ್ರತಿಫಲವಿರುವಲ್ಲಿ ಕತ್ತಿಯ ಬಳಕೆ ಹೆಚ್ಚಾಗುವ ಅಪಾಯ ಎಲ್ಲ ವಿಮೆಗಳಿಗೂ ಇದೆ.

ಈ ಅಪಾಯ ಊಹೆಯದಲ್ಲ. ಕಲಬುರಗಿ ಜಿಲ್ಲೆಯಲ್ಲಿ ಲಂಬಾಣಿ ಮತ್ತು ದಲಿತ ಮಹಿಳೆಯರಿಗೆ ಖಾಸಗಿ ಆಸ್ಪತ್ರೆಗಳಲ್ಲಿ ಅನಗತ್ಯವಾಗಿ ಗರ್ಭಕೋಶ ತೆಗೆಯಲಾಗಿದೆ ಎಂಬ ದೂರುಗಳು 2015ರಲ್ಲಿ ತನಿಖೆಗೆ ಒಳಪಟ್ಟವು. ಹೊಟ್ಟೆನೋವೆಂದು ಬಂದ ಹೆಂಗಸಿಗೆ ಗರ್ಭಕೋಶ ತೆಗೆಯದಿದ್ದರೆ ಕ್ಯಾನ್ಸರ್ ಆಗುತ್ತದೆ ಎಂದು ಹೇಳಿದರೆ ಆಕೆ ಯಾವ ಮಾರುಕಟ್ಟೆಯಲ್ಲಿ ಹೋಲಿಸಿ ನೋಡಬೇಕು? ಇಲ್ಲಿ ಕೊರತೆಯಾದುದು ಆಯ್ಕೆಯಲ್ಲ, ನಂಬಬಹುದಾದ ಮಾತು.

ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯ ಇತಿಹಾಸವೂ ಇದನ್ನೇ ತೋರಿಸುತ್ತದೆ. 2007ರ ಮೂಲ ಕಾಯ್ದೆಗೆ 2017ರಲ್ಲಿ ತಿದ್ದುಪಡಿ ತರುವಾಗ ಚಿಕಿತ್ಸೆಯ ದರವನ್ನು ಸರ್ಕಾರವೇ ಗೊತ್ತುಪಡಿಸುವ ಪ್ರಸ್ತಾವವಿತ್ತು. ಖಾಸಗಿ ವೈದ್ಯರು ಆ ವರ್ಷದ ನವೆಂಬರ್‌ನಲ್ಲಿ ಮುಷ್ಕರ ಹೂಡಿದರು, ದರ ನಿಯಂತ್ರಣ ಸಡಿಲವಾಯಿತು. ಆದರೆ ತುರ್ತು ಸಂದರ್ಭದಲ್ಲಿ ಮುಂಗಡ ಹಣಕ್ಕಾಗಿ ಒತ್ತಾಯಿಸದೆ ಚಿಕಿತ್ಸೆ ನೀಡಬೇಕು, ಬಾಕಿ ಹಣಕ್ಕಾಗಿ ಶವವನ್ನು ತಡೆಹಿಡಿಯಬಾರದು ಎಂಬ ವಿಧಿಗಳು ಉಳಿದವು. ಸಾಮಾನ್ಯ ಚಿಕಿತ್ಸೆಯಲ್ಲಿ ಮಾರುಕಟ್ಟೆಗೆ ಜಾಗ ಬಿಟ್ಟ ಕಾನೂನು, ಪ್ರಾಣದ ಮತ್ತು ಸಾವಿನ ಹೊಸ್ತಿಲಲ್ಲಿ ಬೆಲೆಯ ಮಾತನ್ನು ತಡೆಯಿತು. ಉಣ್ಣುತ್ತಿದ್ದರೂ ಏಳಬೇಕು ಎಂಬ ನೇಮ ಹೀಗೆ ಶಾಸನದ ಭಾಷೆಗೆ ಬಂದಿತು.

ಹೆರಿಗೆಯ ವಿಷಯದಲ್ಲಿಯೂ ಇದೇ ಚಲನೆ ಇದೆ. ಬಳಕೆದಾರ ಶುಲ್ಕದ ದಶಕಗಳ ನಂತರ, 2011ರ ಜನನಿ ಶಿಶು ಸುರಕ್ಷಾ ಕಾರ್ಯಕ್ರಮವು ಸರ್ಕಾರಿ ಆಸ್ಪತ್ರೆಗಳಲ್ಲಿ ಹೆರಿಗೆಯನ್ನು ಸಂಪೂರ್ಣ ಉಚಿತವೆಂದು ಸಾರಿತು. ಅದಕ್ಕೂ ಮೊದಲೇ, 2007ರಲ್ಲಿ, ಬಾಣಂತಿಗೂ ಕೂಸಿಗೂ ಬೇಕಾದ ವಸ್ತುಗಳನ್ನು ನೀಡುವ ಯೋಜನೆಗೆ ಕರ್ನಾಟಕ ಸರ್ಕಾರ 'ಮಡಿಲು' ಎಂಬ ಹೆಸರನ್ನು ಆರಿಸಿಕೊಂಡಿತ್ತು. ಮಡಿಲು ತುಂಬುವ ಸಂಪ್ರದಾಯದಿಂದ ಬಂದ ಈ ಹೆಸರು ಜನರಿಗೆ ವಿವರಣೆಯಿಲ್ಲದೆ ಅರ್ಥವಾಯಿತು. ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಕರ್ನಾಟಕ 2024ರಲ್ಲಿ ಘೋಷಿಸಿತು. ಮಂತ್ರದ ಜಾಗದಲ್ಲಿ ಪ್ರತಿವಿಷ ಬರಬೇಕು, ಬರುತ್ತಿದೆ. ಆದರೆ ಬೆಲೆ ಕೇಳದೆ ಕೊಡಬೇಕೆಂಬ ನೇಮ ಹಳೆಯದೇ.

ರಾಷ್ಟ್ರೀಯ ಆರೋಗ್ಯ ಲೆಕ್ಕಗಳ ಪ್ರಕಾರ ದೇಶದ ಒಟ್ಟು ಆರೋಗ್ಯ ವೆಚ್ಚದಲ್ಲಿ ಜನರು ಚಿಕಿತ್ಸೆಯ ಹೊತ್ತಿನಲ್ಲಿ ಕೈಯಿಂದ ಕೊಡುವ ಪಾಲು 2013-14ರಲ್ಲಿ ಶೇ. 64.2 ಇದ್ದುದು 2021-22ರಲ್ಲಿ ಶೇ. 39.4ಕ್ಕೆ ಇಳಿದಿದೆ. ಇಳಿದ ನಂತರವೂ ಅದು ಸಣ್ಣ ಪಾಲಲ್ಲ. ಕಾಯಿಲೆಯ ದಿನವೇ ಹಣ ಹೊಂದಿಸಬೇಕಾದ ಕುಟುಂಬಗಳಿಗೆ ಹೊಲ, ದನ, ಒಡವೆಗಳೇ ವಿಮೆಯಾಗಿ ಉಳಿದಿವೆ.

ಉಪಸಂಹಾರ

ಮೇಲಿನ ವಿವೇಚನೆಯಿಂದ ಕೆಲವು ತೀರ್ಮಾನಗಳಿಗೆ ಬರಬಹುದಾಗಿದೆ.

ಜನಪದ ವೈದ್ಯವು ಮಾರುಕಟ್ಟೆಯನ್ನು ಅರಿಯದ ಮುಗ್ಧ ಲೋಕವಾಗಿರಲಿಲ್ಲ. ಕಾಯಬಹುದಾದ, ಹೋಲಿಸಬಹುದಾದ, ತಿದ್ದಿಕೊಳ್ಳಬಹುದಾದ ಮದ್ದನ್ನು ಅದು ಸಂತೆಗೆ ಬಿಟ್ಟಿತು. ಈ ಮಟ್ಟಿಗೆ ಮುಕ್ತ ಮಾರುಕಟ್ಟೆಯ ಸುಧಾರಕರ ಮಾತಿಗೆ ಅದರ ಒಪ್ಪಿಗೆಯಿದೆ. ಕನ್ನಡಕ, ಸಾಮಾನ್ಯ ಮಾತ್ರೆ, ರಕ್ತಪರೀಕ್ಷೆ ಮೊದಲಾದ ಕಡೆ ತಿಳಿದ ಬೆಲೆ ಮತ್ತು ಪೈಪೋಟಿಗಳು ರೋಗಿಗೆ ಅನುಕೂಲವನ್ನೇ ತರುತ್ತವೆ.

ಬೆಲೆ ಹೇಳಬಾರದೆಂಬ ನೇಮ ಕೇವಲ ಧಾರ್ಮಿಕ ಭಾವನೆಯಲ್ಲ. ಅರಿಯದವನು ಅರಿತವನನ್ನು ನಂಬಬೇಕಾದ ಕಡೆ ಆ ನಂಬಿಕೆಗೆ ಇಟ್ಟ ಒತ್ತೆ ಅದು. ಅದನ್ನು ತೆಗೆದುಹಾಕುವ ಯಾವ ಸುಧಾರಣೆಯಾದರೂ ಅದರ ಜಾಗದಲ್ಲಿ ನಂಬಿಕೆಗೆ ಬೇರೆ ಆಧಾರವನ್ನು ಒದಗಿಸಬೇಕು. ಶಾಸನ, ವೃತ್ತಿಧರ್ಮ, ಸಾರ್ವಜನಿಕ ಆಸ್ಪತ್ರೆ, ಸಹಕಾರ ಸಂಘ ಇವು ಅಂತಹ ಆಧಾರಗಳು. ಫಲಕ ಮತ್ತು ಜಾಹೀರಾತುಗಳು ಆ ಕೆಲಸ ಮಾಡಲಾರವು.

ಅದೇ ಹೊತ್ತಿಗೆ, ಬೆಲೆಯಿಲ್ಲದ ಸೇವೆಯ ಭಾರ ಸೇವೆ ಮಾಡುವವರ ಹೆಗಲ ಮೇಲೆಯೇ ಬೀಳಬಾರದು. ಸೂಲಗಿತ್ತಿಯ ಇತಿಹಾಸ ಕಲಿಸುವ ಪಾಠ ಇದು. ರೋಗಿಯ ಬಳಿ ಬೆಲೆ ಕೇಳದಿರುವುದಕ್ಕೂ, ದುಡಿದವರಿಗೆ ಪ್ರತಿಫಲ ಕೊಡದಿರುವುದಕ್ಕೂ ಅಂತರವಿದೆ. ಹಳೆಯ ಸಮಾಜ ಈ ಅಂತರವನ್ನು ಜಾತಿಯ ಬಲದಿಂದ ಅಳಿಸಿತ್ತು. ಹೊಸ ವ್ಯವಸ್ಥೆ ಅದನ್ನು ಉಳಿಸಿಕೊಳ್ಳಬೇಕಾದರೆ ಪ್ರತಿಫಲವನ್ನು ಸಮುದಾಯವೇ ಹೊರಬೇಕು.

ಜಾನಪದ ವಿದ್ವಾಂಸರಿಗೂ ಇಲ್ಲಿ ಒಂದು ಕೆಲಸವಿದೆ. ನಾವು ಮದ್ದುಗಳ ಪಟ್ಟಿ ಮಾಡಿದ್ದೇವೆ, ಗಿಡಗಳ ಹೆಸರು ದಾಖಲಿಸಿದ್ದೇವೆ. ಮದ್ದಿನ ಜೊತೆಗಿದ್ದ ಕೊಡುಕೊಳ್ಳುವಿಕೆಯ ನೇಮಗಳನ್ನು ಅಷ್ಟೇ ಶ್ರದ್ಧೆಯಿಂದ ದಾಖಲಿಸಿಲ್ಲ. ಗಿಡದ ಗುಣವನ್ನು ಪ್ರಯೋಗಶಾಲೆ ಮುಂದೊಂದು ದಿನ ಮತ್ತೆ ಕಂಡುಹಿಡಿಯಬಲ್ಲದು. ಎಲ್ಲಿ ಬೆಲೆ ಹೇಳಬಹುದು, ಎಲ್ಲಿ ಹೇಳಬಾರದು ಎಂದು ತಲೆಮಾರುಗಳು ಕಂಡುಕೊಂಡ ಗೆರೆಯನ್ನು ಬಲ್ಲ ಹಿರಿಯರು ಇನ್ನೂ ಇರುವಾಗಲೇ ಅವರನ್ನು ಕೇಳಿ ಬರೆದಿಟ್ಟುಕೊಳ್ಳಬೇಕಾಗಿದೆ.